ಡಿವಿಡಿ ರೆಕಾರ್ಡರ್: ಕೊಳ್ಳುವ ಮುನ್ನ ತಿಳಿಯತಕ್ಕ ಸಂಗತಿಗಳು

ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ ಕೃಷ್ಣದೇವರಾಯನ 1510ರ ಶಾಸನವು ಶಿಲೆಯ ಮೇಲಿದೆ. ಮಕ್ಕಳ ಅಕ್ಷರಾಭ್ಯಾಸವಾದರೋ ಹಲಗೆಯ ಮೇಲೆ. ಡಿವಿಡಿ ತಟ್ಟೆಗಳಲ್ಲಿಯೂ ಇದೇ ಭೇದವುಂಟು. ‘ಆರ್’ ತಟ್ಟೆಯಲ್ಲಿ ಬರೆದುದನ್ನು ಅಳಿಸಲಾಗದು. ‘ಆರ್‌ಡಬ್ಲ್ಯು’ ತಟ್ಟೆಯಲ್ಲಿ ಅಳಿಸಿ ಮತ್ತೆ ಬರೆಯಬಹುದು. ಇವೆರಡರಲ್ಲಿಯೂ ‘ಪ್ಲಸ್’, ‘ಮೈನಸ್’ ಎಂಬ ಪಂಗಡಗಳಿರುವುದರಿಂದ, ರೆಕಾರ್ಡರು ಯಾವುದನ್ನು ಸ್ವೀಕರಿಸುವುದೆಂದು ಕೊಳ್ಳುವ ಮುನ್ನವೇ ಪರೀಕ್ಷಿಸತಕ್ಕದ್ದು. ಒಂದು ಪದರದ ತಟ್ಟೆಯ ಧಾರಣಶಕ್ತಿ 4.7 ಗಿಗಾಬೈಟ್, ಸಾಮಾನ್ಯ ದರ್ಜೆಯಲ್ಲಿ ಸುಮಾರು 2 ಗಂಟೆಗಳ ಚಿತ್ರ. ‘ಫೈನಲೈಸ್’ ಎಂಬ ಮುಕ್ತಾಯಕ್ರಿಯೆ ನಡೆಯದಿದ್ದರೆ ಅನ್ಯ ಯಂತ್ರಗಳಲ್ಲಿ ತಟ್ಟೆಯು ಮೂಕವಾದೀತು.

ಹೊಸ ರೆಕಾರ್ಡರುಗಳು ಇಂದು ವಿರಳ. ಆದರೂ ಶಾಲೆಗಳ ಹಳೆಯ ವಿಡಿಯೊ ಕ್ಯಾಸೆಟ್ಟುಗಳು ನಶಿಸುವ ಮುನ್ನ ಅವುಗಳಲ್ಲಿರುವುದನ್ನು ಉಳಿಸಿಕೊಳ್ಳಲು ಈ ಯಂತ್ರವು ಉಪಯುಕ್ತ. ಅದಕ್ಕೆ ‘ಆರ್’ ತಟ್ಟೆಯೇ ಯೋಗ್ಯ. ಆದರೆ ತಟ್ಟೆಯು ಶಿಲೆಯಲ್ಲ. ಬರಹವನ್ನು ಹೊತ್ತ ಅದರ ಬಣ್ಣದ ಪದರವು ಹೊಸಪೇಟೆಯಂತಹ ಊರಿನ ಬಿಸಿಲಿಗೆ ಮಾಸುತ್ತದೆ. ಆದುದರಿಂದ ಎರಡು ಪ್ರತಿಗಳನ್ನು ಮಾಡಿ, ಬೇರೆ ಬೇರೆ ಕಡೆ ತಂಪಿನಲ್ಲಿ ಇರಿಸುವುದು ವಿಹಿತ.