ಕಂಪ್ಯೂಟರಿನ ಕೀಲಿಕೈ ಯಾರ ಬಳಿ ಇದೆ?

ಗುಮಾಸ್ತನು ಕೆಲಸ ಬಿಟ್ಟರೆ ಗಲ್ಲೆಯ ಹಾಗೂ ಗೋದಾಮಿನ ಕೀಲಿಕೈಗಳನ್ನು ಅಂದೇ ಮರಳಿ ಪಡೆಯುತ್ತೇವೆ. ಕಂಪ್ಯೂಟರಿನಲ್ಲಿ ಆತನ ಹೆಸರಿನಲ್ಲಿರುವ ಖಾತೆ ಮಾತ್ರ ಯಾರ ನೆನಪಿಗೂ ಬರುವುದಿಲ್ಲ. ಬೈಲಹೊಂಗಲದ ಹತ್ತಿ ಜಿನ್ನಿಂಗ್ ಕಾರ್ಖಾನೆಯಿರಲಿ, ರಾಮದುರ್ಗದ ನೇಯ್ಗೆಯ ಘಟಕವಿರಲಿ, ಸವದತ್ತಿ-ಕಿತ್ತೂರುಗಳ ಅಂಗಡಿಯಿರಲಿ, ಲೆಕ್ಕ ಕಂಪ್ಯೂಟರಿನಲ್ಲಿದ್ದರೆ ಈ ಮರೆವು ದುಬಾರಿಯಾದೀತು.

ಏಪ್ರಿಲ್ 1, 2023ರಿಂದ, ತಂತ್ರಾಂಶದಲ್ಲಿ ಲೆಕ್ಕವಿಡುವ ಪ್ರತಿಯೊಂದು ಕಂಪನಿಯೂ ಪ್ರತಿ ತಿದ್ದುಪಡಿಯನ್ನು ದಿನಾಂಕಸಹಿತ ದಾಖಲಿಸುವ ತಂತ್ರಾಂಶವನ್ನೇ ಬಳಸತಕ್ಕದ್ದು. ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ಇದರ ಬಗ್ಗೆ ತಿಳಿಸಬೇಕು. ಸ್ವಂತ ಮಾಲೀಕತ್ವದ ಅಂಗಡಿಗಳಿಗೂ ಪಾಲುದಾರಿಕೆ ಸಂಸ್ಥೆಗಳಿಗೂ ಈ ನಿಯಮ ಅನ್ವಯಿಸದು. ಅಪಾಯ ಮಾತ್ರ ಒಂದೇ. ವಿಂಡೋಸ್‌ನ 'ಅಡ್ಮಿನಿಸ್ಟ್ರೇಟರ್ಸ್' ಗುಂಪಿನ ಸದಸ್ಯನು ಕಂಪ್ಯೂಟರಿನ ದಿನಾಂಕವನ್ನು ಬದಲಿಸಬಲ್ಲನು. ಲೆಕ್ಕದ ಕಡತವನ್ನೇ ಅಳಿಸಿ ಹಳೆಯ ಪ್ರತಿಯನ್ನು ಅಲ್ಲಿಡಬಲ್ಲನು. ಆಗ ತಿದ್ದುಪಡಿಯ ದಾಖಲೆಗೆ ಬೆಲೆಯೆಲ್ಲಿ?

ಆ ಗುಂಪಿನಲ್ಲಿ ಯಾರಿದ್ದಾರೆಂದು ತಿಳಿಯುವುದು ಕಷ್ಟವಲ್ಲ:

1. 'ಕಮಾಂಡ್ ಪ್ರಾಂಪ್ಟ್' ತೆರೆದು 'ನೆಟ್ ಲೋಕಲ್‌ಗ್ರೂಪ್ ಅಡ್ಮಿನಿಸ್ಟ್ರೇಟರ್ಸ್' ಎಂಬ ಮೂರು ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಟ್ಟು, ಟೈಪ್ ಮಾಡಿರಿ. ಸದಸ್ಯರ ಪಟ್ಟಿ ಕಾಣುತ್ತದೆ. ಇದು ಓದುವ ಆಜ್ಞೆ, ಏನನ್ನೂ ಬದಲಿಸುವುದಿಲ್ಲ.

2. 'ನೆಟ್ ಯೂಸರ್' ಎಂದು ಬರೆದು ಒಂದು ಖಾತೆಯ ಹೆಸರು ಸೇರಿಸಿದರೆ, ಅದು ಚಾಲ್ತಿಯಲ್ಲಿದೆಯೇ, ಕೊನೆಯ ಬಾರಿ ಯಾವಾಗ ಬಳಕೆಯಾಯಿತು, ಯಾವ ಗುಂಪುಗಳಿಗೆ ಸೇರಿದೆ ಎಂಬುದು ತಿಳಿಯುತ್ತದೆ.

3. ಆಜ್ಞೆಯ ಮುಂದೆ > ಗುರುತು ಹಾಗೂ ಕಡತದ ಹೆಸರು ಬರೆದರೆ ಉತ್ತರವು ಆ ಕಡತದಲ್ಲಿ ಉಳಿಯುತ್ತದೆ. ಇಂತಹ ಆಜ್ಞೆಗಳನ್ನು 'ನೋಟ್‌ಪ್ಯಾಡ್'ನಲ್ಲಿ ಬರೆದು 'ಬ್ಯಾಟ್' ಕಡತವಾಗಿ ಉಳಿಸಿದರೆ, ಮುಂದಿನ ಸಲ ಅದನ್ನು ತೆರೆದರೆ ಸಾಕು.

ಸರ್ವರ್ ಇರಿಸಿ ಎಲ್ಲ ಕಂಪ್ಯೂಟರುಗಳನ್ನು 'ಆಕ್ಟಿವ್ ಡೈರೆಕ್ಟರಿ'ಗೆ ಜೋಡಿಸಿರುವ ಕಾರ್ಖಾನೆಗಳಲ್ಲಿ ಗುಂಪಿನೊಳಗೊಂದು ಗುಂಪು ಅಡಗಿರಬಹುದು. ಅಲ್ಲಿ 'ಪವರ್‌ಶೆಲ್'ನ 'ಗೆಟ್-ಎಡಿಗ್ರೂಪ್‌ಮೆಂಬರ್' ಆಜ್ಞೆಯನ್ನು 'ರಿಕರ್ಸಿವ್' ಆಯ್ಕೆಯೊಡನೆ ನಡೆಸಲು ತಂತ್ರಜ್ಞರಿಗೆ ಹೇಳಿರಿ. ಒಳಗುಂಪಿನ ಸದಸ್ಯರೂ ಪಟ್ಟಿಗೆ ಬರುತ್ತಾರೆ.

ಬಂದ ಪಟ್ಟಿಯನ್ನು ಪಗಾರ ಪತ್ರಕದೊಡನೆ ತಾಳೆ ನೋಡಬೇಕು. ಕೆಲಸ ಬಿಟ್ಟವರ ಖಾತೆಯನ್ನು ಮೊದಲು ನಿಷ್ಕ್ರಿಯಗೊಳಿಸಿರಿ, ಅವಸರದಿಂದ ಅಳಿಸಬೇಡಿರಿ. ಹಾಗೆ ಮಾಡುವ ಮುನ್ನ ಮಾಲೀಕರ ಬಳಿ ಪೂರ್ಣಾಧಿಕಾರದ ಇನ್ನೊಂದು ಖಾತೆಯಿರುವುದನ್ನು ಖಚಿತಪಡಿಸಿಕೊಳ್ಳಿರಿ. ಲೆಕ್ಕದ ತಂತ್ರಾಂಶದೊಳಗಿನ ಬಳಕೆದಾರರ ಪಟ್ಟಿ ಬೇರೆಯೇ ಇರುವುದರಿಂದ ಅದನ್ನೂ ಪರೀಕ್ಷಿಸುವುದು ಅವಶ್ಯ.

ಮೂರು ತಿಂಗಳಿಗೊಮ್ಮೆ ಪಟ್ಟಿಯನ್ನು ಮುದ್ರಿಸಿ, ಮಾಲೀಕರು ಸಹಿ ಮಾಡಿ, ಲೆಕ್ಕಪತ್ರಗಳೊಡನೆ ಕಾದಿರಿಸುವುದು ಒಳ್ಳೆಯದು. ಹತ್ತು ನಿಮಿಷಗಳ ಈ ಕೆಲಸವು ವರ್ಷದ ಲೆಕ್ಕವನ್ನು ಕಾಯುತ್ತದೆ.