ತಂಬಗಿಗೆ ಇಂಗ್ಲಿಷ್‌ನ್ಯಾಗ ಏನಂತಾರ?

ಕನ್ನಡ ಸಂಘದವರು ಶನಿವಾರ ಮಧ್ಯಾಹ್ನ ತಿಕೋಟಾ, ಬಬಲೇಶ್ವರದ ಕಡೆ ಹೋಗಿ ಮಕ್ಕಳಿಗೆ ಇಂಗ್ಲಿಷ್ ಕಲಿಸ್ತಾರಂತ ಗೊತ್ತಾದಾಗ ಹಾಸ್ಟೆಲ್‌ನಲ್ಲಿ ನಮ್ಮನ್ನು ಆಡಿಕೊಂಡವರು ಕಡಿಮೆ ಏನಿಲ್ಲ. "ನವೆಂಬರ್‌ದಾಗ ಬಾವುಟ ಹಾರಸ್ತೀರಿ, ಈಗ ಎ ಫಾರ್ ಆ್ಯಪಲ್ ಹೇಳಾಕ ಹೊಂಟೀರೇನಲೇ?" ಅಂತ. ಆಗ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಈಗ ಸ್ವಲ್ಪ ಇದೆ. ಮುಂದಿನ ಸೆಮಿಸ್ಟರ್‌ನಲ್ಲಿ ನಮ್ಮ ಜೊತೆ ಬರುವವರಿಗೆ ಉಪಯೋಗವಾಗಲಿ ಅಂತ, ಕಲಿಸುವಾಗ ಎಡವಿದ್ದನ್ನೂ ಸೇರಿಸಿ ಈ ಪಾಠ ಬರೆಯುತ್ತಿದ್ದೇವೆ.

ವಿಷಯ ಬಹಳ ಸಣ್ಣದು. ಮನೆಯಲ್ಲಿ ದಿನಾ ಕೈಗೆ ಸಿಗುವ ಒಂದು ವಸ್ತುವನ್ನು ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯದಲ್ಲಿ ವಿವರಿಸುವುದು. ಇದರಾಗ ಏನ್ ಕಷ್ಟ ಅನ್ನಿಸ್ತದಲ್ಲ? ನಮಗೂ ಹಂಗ ಅನ್ನಿಸಿತ್ತು.

ಮೊದಲನೇ ವಾರ ಇಂಟರ್‌ನೆಟ್‌ನಿಂದ ಚಿತ್ರಗಳನ್ನು ಪ್ರಿಂಟ್ ಹಾಕಿಸಿಕೊಂಡು ಹೋದೆವು. ಟೋಸ್ಟರ್, ಛತ್ರಿ ಹಾಕುವ ಸ್ಟ್ಯಾಂಡ್, ಬೆಂಕಿಗೂಡು. ಏಳನೇ ತರಗತಿಯ ಮಕ್ಕಳು ಸುಮ್ಮನೆ ನೋಡುತ್ತಾ ಕೂತರು. ಅವರಿಗೆ ಇಂಗ್ಲಿಷ್ ಬರಲ್ಲ ಅಂತ ನಾವು ತೀರ್ಮಾನ ಮಾಡಿಬಿಟ್ಟೆವು. ಆದರೆ ಕಂಡೇ ಇಲ್ಲದ ವಸ್ತುವನ್ನು ಕನ್ನಡದಲ್ಲಾದರೂ ಯಾರು ವಿವರಿಸುತ್ತಾರೆ? ಆ ಸಂಜೆ ಬಸ್‌ನಲ್ಲಿ ವಾಪಸ್ ಬರುವಾಗ ನಮ್ಮಲ್ಲೇ ಒಬ್ಬನಿಗೆ, "ನಿನ್ನ ಕಿಸೆಯಾಗಿನ ಪೆನ್ ಡಿಸ್ಕ್ರೈಬ್ ಮಾಡು" ಅಂದೆವು. ಅವನು ಹೇಳಿದ್ದು ಇಷ್ಟು: "ದಿಸ್ ಈಸ್ ಎ ಪೆನ್. ಇಟ್ ಈಸ್ ಬ್ಲೂ ಕಲರ್. ಐ ಲೈಕ್ ಇಟ್ ವೆರಿ ಮಚ್." ಮುಂದೆ ಗಾಡಿ ನಿಂತಿತು. ಆರನೇ ಸೆಮಿಸ್ಟರ್ ಮೆಕ್ಯಾನಿಕಲ್! ಅಣಕು ಸಂದರ್ಶನದಲ್ಲಿ ನಮ್ಮ ಪ್ರಾಜೆಕ್ಟನ್ನು ವಿವರಿಸಿ ಅಂದಾಗ ಆಗುವುದೂ ಇದೇ. ಮಾಡಿದ ಯಂತ್ರ ಮುಂದೆ ಇರುತ್ತದೆ, ಬಾಯಿ ಮಾತ್ರ ಮೂರು ವಾಕ್ಯಕ್ಕೆ ಬಂದಾಗುತ್ತದೆ.

ಇನ್ನೊಂದು ವಿಚಿತ್ರ ನೋಡಿ. ವಿಜಯಪುರ ನಗರದ ಯಾವ ಹುಡುಗನನ್ನಾದರೂ ಗೋಲಗುಮ್ಮಟದ ಬಗ್ಗೆ ಇಂಗ್ಲಿಷಿನಲ್ಲಿ ಕೇಳಿ. ಮೊಹಮ್ಮದ್ ಆದಿಲ್‌ಶಾಹನ ಸಮಾಧಿ, 1656, ಪಿಸುಗುಟ್ಟುವ ಗ್ಯಾಲರಿ ಎಲ್ಲ ಒಂದೇ ಉಸಿರಿನಲ್ಲಿ ಬರುತ್ತದೆ. ಅದು ಪ್ರಬಂಧ, ಬಾಯಿಪಾಠ. ಅದೇ ಹುಡುಗನ ಮುಂದೆ ನೀರಿನ ತಂಬಗಿ ಇಟ್ಟರೆ ಮಾತಿಲ್ಲ, ಯಾಕೆಂದರೆ ತಂಬಗಿ ಮೇಲೆ ಯಾರೂ ಪ್ರಬಂಧ ಬರೆಸಿಲ್ಲ.

ಎರಡನೇ ವಾರದಿಂದ ಚಿತ್ರಗಳನ್ನು ಬಿಟ್ಟು, ಮನೆಯಿಂದ ಏನಾದರೂ ಒಂದು ಸಾಮಾನು ತರ್ರಿ ಅಂದೆವು. ತಂಬಗಿ, ಖುರಪಿ, ರೊಟ್ಟಿ ಹಂಚು, ಮರ, ಎಮ್ಮೆ ಕೊರಳಿನ ಗಂಟೆ ಬಂದವು. ಒಬ್ಬ ಚರಗಿ ತಂದ. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಚರಗಿ ಯಾವ ಕೆಲಸಕ್ಕೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಆದರೂ ಆ ನಗುವಿನಿಂದಲೇ ಕ್ಲಾಸಿಗೆ ಜೀವ ಬಂತು.

ಮೊದಲ ಪ್ರಶ್ನೆ ಹುಡುಗಿಯೊಬ್ಬಳದು: "ಅಕ್ಕಾರ, ತಂಬಗಿಗೆ ಇಂಗ್ಲಿಷ್‌ನ್ಯಾಗ ಏನಂತಾರ?" ನಾವು ಮುಖ ಮುಖ ನೋಡಿಕೊಂಡೆವು. ಪಾಟ್ ಅಂದರೆ ಗಡಿಗೆಯೂ ಆಗುತ್ತದೆ. ಜಗ್ ಅಂದರೆ ಹಿಡಿಕೆ ಬೇಕು. ಮಗ್ ಅಂತೂ ಅಲ್ಲವೇ ಅಲ್ಲ. ಹೆಸರು ಹುಡುಕುತ್ತಾ ಹತ್ತು ನಿಮಿಷ ಹೋಯಿತು. ಆಮೇಲೆ ಹೊಳೆಯಿತು: ಹೆಸರು ಗೊತ್ತಿಲ್ಲದಾಗಲೇ ಅಲ್ಲವೇ ವಿವರಣೆ ಬೇಕಾಗುವುದು? ನಮ್ಮ ಹಾಸ್ಟೆಲ್‌ನಲ್ಲಿ ಹೊರರಾಜ್ಯದ ಗೆಳೆಯನೊಬ್ಬನಿದ್ದಾನೆ, ವಿಟಿಯು ಬಳಕೆ ಕನ್ನಡ ಓದಿದವನು. ಒಮ್ಮೆ ಅಂಗಡಿಗೆ ಹೋಗಿ "ಚಹಾ ಬಿಸಿ ಇಡುವ ಬಾಟ್ಲಿ ಕೊಡ್ರಿ" ಅಂದ. ಅಂಗಡಿಯವರು ಫ್ಲಾಸ್ಕ್ ಕೊಟ್ಟರು. ಹೆಸರು ಬರಲಿಲ್ಲ, ಕೆಲಸ ಆಯಿತು. ಮಕ್ಕಳಿಗೆ ನಾವು ಕಲಿಸಬೇಕಾಗಿದ್ದು ಇದನ್ನೇ. ತಂಬಗಿ ತಂಬಗಿಯೇ ಆಗಿರಲಿ. ಅದು ಯಾವ ಜಾತಿಯ ವಸ್ತು ಅಂತ ಮೊದಲು ಹೇಳಿಬಿಡಬೇಕು. ಕಂಟೇನರ್, ಟೂಲ್, ಮಷೀನ್, ಬ್ಯಾಗ್, ಇಂಥ ಹತ್ತು ಪದ ಗೊತ್ತಿದ್ದರೆ ಮನೆಯ ಮುಕ್ಕಾಲು ಸಾಮಾನು ಅದರೊಳಗೆ ಬರುತ್ತವೆ. "ಎ ತಂಬಗಿ ಈಸ್ ಎ ಸ್ಮಾಲ್ ರೌಂಡ್ ವಾಟರ್ ಪಾಟ್ ವಿತ್ ಎ ನ್ಯಾರೋ ನೆಕ್." ಲಂಡನ್ನಿನವನಿಗೂ ತಿಳಿಯುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಮಕ್ಕಳು, ನಾವೂ ಸೇರಿ, ತಡವರಿಸುವುದು ಪದ ಗೊತ್ತಿಲ್ಲದೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ನಾಲ್ಕೈದು ಶನಿವಾರ ಕೂತು ಮಕ್ಕಳ ತಪ್ಪುಗಳನ್ನು ಬರೆದಿಟ್ಟುಕೊಂಡಾಗ ಬೇರೆಯೇ ಕಂಡಿತು. ಪದಗಳು ಇದ್ದವು. ಕನ್ನಡ ವಾಕ್ಯದ ಜೋಡಣೆ ಇಂಗ್ಲಿಷಿಗೆ ಹೊಂದುತ್ತಿರಲಿಲ್ಲ. ಅದೂ ಎರಡೇ ಎರಡು ಕಡೆ.

ಒಂದು, ನಮ್ಮ "ಇದೆ", ನಮ್ಮ ಭಾಗದ "ಐತಿ". ಖುರಪಿ ಕಬ್ಬಿಣದ್ದು ಐತಿ, ಖುರಪಿಗೆ ಹಿಡಿಕಿ ಐತಿ, ಖುರಪಿ ಮೂಲ್ಯಾಗ ಐತಿ. ಮೂರಕ್ಕೂ ಒಂದೇ ಪದ. ಇಂಗ್ಲಿಷಿನ "ಹ್ಯಾಸ್"ಗೆ ಸಮನಾದ ಕ್ರಿಯಾಪದವೇ ಕನ್ನಡದಲ್ಲಿಲ್ಲ. ಅದಕ್ಕೇ ಮಕ್ಕಳು "ಹ್ಯಾಂಡಲ್ ಈಸ್ ದೇರ್" ಅನ್ನುತ್ತಾರೆ. ಅದು ಅವರ ದಡ್ಡತನ ಅಲ್ಲ, ಶುದ್ಧ ಕನ್ನಡ! ಕನ್ನಡದ ವಾಕ್ಯಕ್ಕೆ ಇಂಗ್ಲಿಷ್ ಅಂಗಿ ತೊಡಿಸಿದ್ದಾರೆ ಅಷ್ಟೆ. ಇದನ್ನು ಕನ್ನಡದಲ್ಲೇ ಬಿಡಿಸಿ ಹೇಳಿದೆವು: ವಸ್ತು ಹೆಂಗ ಐತಿ ಅಂದರೆ "ಈಸ್", ವಸ್ತುವಿಗೆ ಏನೇನು ಭಾಗ ಅದಾವ ಅಂದರೆ "ಹ್ಯಾಸ್". "ಇಟ್ ಈಸ್ ಶಾರ್ಪ್. ಇಟ್ ಹ್ಯಾಸ್ ಎ ವುಡನ್ ಹ್ಯಾಂಡಲ್." ಅರ್ಧ ತಾಸಿನಲ್ಲಿ ಮುಕ್ಕಾಲು ಕ್ಲಾಸಿಗೆ ಹತ್ತಿತು. ಇಂಗ್ಲಿಷ್ ಕ್ಲಾಸಿನಲ್ಲಿ ಕನ್ನಡ ಮಾತಾಡಲೇಬಾರದು ಅನ್ನುವವರು ನಮ್ಮ ಕಾಲೇಜಿನಲ್ಲೂ ಇದ್ದಾರೆ. ಈ ವ್ಯತ್ಯಾಸವನ್ನು ಕನ್ನಡ ಬಿಟ್ಟು ಹೇಗೆ ತೋರಿಸುತ್ತಾರೋ ಅವರನ್ನೇ ಕೇಳಬೇಕು.

ಎರಡನೆಯದು ಇದಕ್ಕಿಂತ ದೊಡ್ಡದು. ಕನ್ನಡದಲ್ಲಿ ವಸ್ತುವಿನ ಬಗ್ಗೆ ಹೇಳುವುದನ್ನೆಲ್ಲ ಅದರ ಹೆಸರಿನ ಮುಂದೆಯೇ ಪೇರಿಸುತ್ತೇವೆ. "ಹ್ವಾದ ವರ್ಷ ಜಾತ್ರ್ಯಾಗ ತಂದ, ಹಿಡಿಕಿ ಸಡ್ಲ ಆಗಿರೋ, ಬಾಯಿ ಮೊಂಡ ಆಗಿರೋ ಖುರಪಿ." ಖುರಪಿ ಬರುವುದು ಕಟ್ಟಕಡೆಗೆ. ಕೇಳುವವರು ಅಲ್ಲಿಯವರೆಗೆ ಕಾಯುತ್ತಾರೆ, ನಮಗೆ ಅದು ರೂಢಿ. ಇಂಗ್ಲಿಷ್ ಹಾಗಲ್ಲ. ಒಂದೆರಡು ಚಿಕ್ಕ ಪದ ಹೆಸರಿನ ಮುಂದೆ, ಉದ್ದನೆಯದೆಲ್ಲ ಹೆಸರಿನ ಹಿಂದೆ. "ಆ್ಯನ್ ಓಲ್ಡ್ ಖುರಪಿ ವಿತ್ ಎ ಲೂಸ್ ಹ್ಯಾಂಡಲ್." ಮಗು ಕನ್ನಡದ ಸಾಲನ್ನು ಇದ್ದಂತೆಯೇ ತಿರುಗಿಸಲು ಹೊರಟರೆ "ಲಾಸ್ಟ್ ಇಯರ್ ಫೇರ್ ಬ್ರಿಂಗ್ ಹ್ಯಾಂಡಲ್ ಲೂಸ್..." ಅಂತ ನಡುದಾರಿಯಲ್ಲಿ ಸಿಕ್ಕಿಬೀಳುತ್ತದೆ. ನಾವು ಪೆನ್ ಮುಂದೆ ಮೂಕರಾಗುವುದೂ ಇದಕ್ಕೇ. ಹೆಸರಿನ ಹಿಂದೆ ಕೊಂಡಿ ಹಾಕುವುದು ಗೊತ್ತಿಲ್ಲದೆ ಫುಲ್‌ಸ್ಟಾಪ್ ಇಡುತ್ತೇವೆ.

ಆ ಕೊಂಡಿಗಳು ಬಹಳಿಲ್ಲ. ವಿತ್, ಮೇಡ್ ಆಫ್, ಯೂಸ್ಡ್ ಫಾರ್, ದ್ಯಾಟ್. ನಾಲ್ಕು ಸಾಕು. ಭಾಗ ಹೇಳಲು "ವಿತ್". ಇಲ್ಲದ್ದನ್ನು ಹೇಳಲು "ವಿತ್ ನೋ" ಅಥವಾ "ವಿದೌಟ್". ಕೆಲಸ ಹೇಳಲು "ಯೂಸ್ಡ್ ಫಾರ್", ಅದರ ಮುಂದಿನ ಕ್ರಿಯಾಪದಕ್ಕೆ "ಇಂಗ್" ಬಾಲ: "ಯೂಸ್ಡ್ ಫಾರ್ ವೀಡಿಂಗ್". "ಯೂಸ್ಡ್ ಟು" ಸದ್ಯಕ್ಕೆ ದೂರ ಇಡ್ರಿ. "ಐ ಯೂಸ್ಡ್ ಟು ಗೋ" ಅಂದರೆ ಹಿಂದೆ ಹೋಗುತ್ತಿದ್ದೆ ಅಂತ ಬೇರೆ ಅರ್ಥ ಬಂದು ಮಕ್ಕಳ ತಲೆ ಕೆಡುತ್ತದೆ, ಕಲಿಸುವವರದೂ. "ಮೇಡ್ ಆಫ್", "ಮೇಡ್ ಫ್ರಮ್" ವ್ಯತ್ಯಾಸಕ್ಕೆ ತಿಕೋಟಾಕ್ಕಿಂತ ಒಳ್ಳೆಯ ಊರಿಲ್ಲ. ಹಂಚು ನೋಡಿದರೆ ಕಬ್ಬಿಣ ಕಾಣುತ್ತದೆ, ಹಾಗಾಗಿ "ಮೇಡ್ ಆಫ್ ಐರನ್". ದ್ರಾಕ್ಷಿ ಒಣಗಿ ರೂಪವೇ ಬದಲಾಗಿ ಒಣದ್ರಾಕ್ಷಿ ಆಗುತ್ತದೆ, ಹಾಗಾಗಿ "ಮೇಡ್ ಫ್ರಮ್ ಗ್ರೇಪ್ಸ್".

ಹೆಸರಿನ ಮುಂದಿನ ಚಿಕ್ಕ ಪದಗಳಿಗೂ ಒಂದು ಸರದಿ ಇದೆ. ಗಾತ್ರ, ವಯಸ್ಸು, ಆಕಾರ, ಬಣ್ಣ, ಯಾತರದ್ದು, ಈ ಸಾಲಿನಲ್ಲಿ ಬರಬೇಕು. "ಎ ಬಿಗ್ ರೌಂಡ್ ಬ್ಲ್ಯಾಕ್ ಐರನ್ ಪ್ಯಾನ್." ಐರನ್ ಬ್ಲ್ಯಾಕ್ ರೌಂಡ್ ಬಿಗ್ ಅಂದರೆ ಕೇಳುವವರಿಗೆ ಕಲ್ಲು ಕಡಿದಂತಾಗುತ್ತದೆ. ಆದರೆ ಇದನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸಬೇಡಿ. ಎರಡು, ಹೆಚ್ಚೆಂದರೆ ಮೂರು ಪದ ಸಾಕು. "ಬ್ಲ್ಯಾಕ್ ಕಲರ್" ಅಂತ ಕಲರ್ ಸೇರಿಸುವುದನ್ನು ಮಾತ್ರ ಬಿಡಿಸಿ, "ಬ್ಲ್ಯಾಕ್" ಅಂದರೆ ಬಣ್ಣ ಅಂತ ಗೊತ್ತೇ ಇದೆ.

ಕಲಿತದ್ದು ನಿಜವಾಗಿ ತಲೆಗೆ ಹೋಯಿತೋ ಇಲ್ಲವೋ ನೋಡಲು ನಮಗೆ ಹಿಡಿಸಿದ ಆಟ ಒಂದಿದೆ. ಇಬ್ಬರನ್ನು ಬೆನ್ನಿಗೆ ಬೆನ್ನು ಹಚ್ಚಿ ಕೂಡಿಸುವುದು. ಒಬ್ಬರ ಕೈಯಲ್ಲಿ ವಸ್ತು, ಇನ್ನೊಬ್ಬರ ಕೈಯಲ್ಲಿ ಪೆನ್ಸಿಲ್. ಹೆಸರು ಹೇಳುವಂತಿಲ್ಲ. ಬಬಲೇಶ್ವರದಲ್ಲಿ ಒಬ್ಬ ಹುಡುಗ ಹಂಚು ಹಿಡಿದು "ಇಟ್ ಈಸ್ ರೌಂಡ್. ಇಟ್ ಈಸ್ ಬ್ಲ್ಯಾಕ್. ಇಟ್ ಈಸ್ ಐರನ್" ಅಂದ. ಹಿಂದೆ ಕೂತವಳು ಗಾಡಿಯ ಗಾಲಿ ಬರೆದಳು! ಹುಡುಗ ಸಿಟ್ಟಾದ. ಅವಳದೇನು ತಪ್ಪು? ಅವನು ಹೇಳಿದ್ದೆಲ್ಲ ಗಾಲಿಗೂ ಹೊಂದುತ್ತದೆ. ಎರಡನೇ ಸಲ ಅವನೇ ತಿದ್ದಿಕೊಂಡ: "ಇಟ್ ಈಸ್ ಥಿನ್. ಇಟ್ ಈಸ್ ಲೈಕ್ ಎ ಪ್ಲೇಟ್. ಮೈ ಮದರ್ ಪುಟ್ಸ್ ಇಟ್ ಆನ್ ಫೈರ್." ಈಗ ಹಂಚು ಬಂತು. ಒಂದು ವಿವರ ಬಿಟ್ಟರೆ ಏನಾಗುತ್ತದೆ ಅಂತ ಗಾಲಿಯ ಚಿತ್ರ ತೋರಿಸಿದಷ್ಟು ನಾವು ಬೋರ್ಡ್ ತುಂಬ ಬರೆದರೂ ತೋರಿಸಲಾಗುತ್ತಿರಲಿಲ್ಲ. ಎಂಜಿನಿಯರಿಂಗ್ ಡ್ರಾಯಿಂಗ್‌ನಲ್ಲಿ ಒಂದು ಅಳತೆ ಬಿಟ್ಟು ಮಾರ್ಕ್ಸ್ ಕಳೆದುಕೊಂಡವರಿಗೆ ಇದು ಬೇಗ ಅರ್ಥವಾಗುತ್ತದೆ.

ಅಳತೆ ವಿಷಯದಲ್ಲಿ ಮಕ್ಕಳು ನಮಗಿಂತ ಮುಂದೆ. ಗೇಣು, ಮೊಳ, ಹಿಡಿ, ಬೊಗಸಿ ಅವರ ಮೈಯಲ್ಲೇ ಇವೆ. ಖುರಪಿ ಒಂದು ಗೇಣು ಅಂದಾಗ, ಗೇಣನ್ನು ಸ್ಕೇಲ್ ಮೇಲೆ ಇಟ್ಟು ಅಳೆಸಿದೆವು. ಸಣ್ಣ ಕೈಗೆ ಹದಿನಾರು ಹದಿನೇಳು ಸೆಂಟಿಮೀಟರ್. "ಅಬೌಟ್ ಸೆವೆಂಟೀನ್ ಸೆಂಟಿಮೀಟರ್ಸ್ ಲಾಂಗ್" ಅನ್ನುವುದು ಹಾಗೆ ಬಂತು.

ಕೂರಿಗಿ ವಿವರಿಸಲು ಹೊರಟ ಹುಡುಗರದು ಬೇರೆ ಕಥೆ. ಟ್ರ್ಯಾಕ್ಟರ್ ಬಂದ ಮೇಲೆ ಕೂರಿಗಿ ಬಹಳ ಮನೆಗಳಲ್ಲಿ ಗೋಡೆಗೆ ಒರಗಿ ನಿಂತಿದೆ. ಆದರೂ ಕಾಳು ಹಾಕುವ ಬಟ್ಟಲು, ಅದರಿಂದ ಇಳಿಯುವ ಕೊಳವೆ, ನೆಲ ಸೀಳುವ ತಾಳು ಎಲ್ಲ ಅವರಿಗೆ ಗೊತ್ತು. ಇಂಗ್ಲಿಷಿನಲ್ಲಿ ಇದೆಲ್ಲ ಹೇಳಲಿಕ್ಕಾಗಲ್ಲ ಅಂದರು. ಆಗ ಒಂದು ಹಳೆಯ ಸಂಗತಿ ಹೇಳಿದೆವು. 1790ರ ದಶಕದಲ್ಲಿ ಥಾಮಸ್ ಹಾಲ್ಕಾಟ್ ಎಂಬ ಬ್ರಿಟಿಷ್ ಕ್ಯಾಪ್ಟನ್ ದಕ್ಷಿಣ ಭಾರತದ ಕೂರಿಗೆಯನ್ನು ನೋಡಿ, ಅದರ ಬಗ್ಗೆ ತನ್ನ ದೇಶದ ಕೃಷಿ ಮಂಡಳಿಗೆ ಇಂಗ್ಲಿಷಿನಲ್ಲಿ ವಿವರವಾಗಿ ಬರೆದ. ಇದು ಯುರೋಪಿನವರ ಹೊಸ ಶೋಧ ಅಂದುಕೊಂಡಿದ್ದೆ ಅಂತ ಅವನೇ ಒಪ್ಪಿಕೊಂಡಿದ್ದಾನೆ. ಧರ್ಮಪಾಲ್ ಅವರು 18ನೇ ಶತಮಾನದ ಭಾರತದ ವಿಜ್ಞಾನ, ತಂತ್ರಜ್ಞಾನ ಕುರಿತು 1971ರಲ್ಲಿ ಹೊರತಂದ ಪುಸ್ತಕದಲ್ಲಿ ಅವನ ಬರಹ ಇದೆ. ಕೂರಿಗಿ ಹೊಡೆದವರು ನಮ್ಮಂಥವರು, ಅದನ್ನು ಇಂಗ್ಲಿಷಿನಲ್ಲಿ ವಿವರಿಸಿದವನು ಅವನು. ಒಬ್ಬ ಹುಡುಗ ಕೇಳಿದ, "ಮತ್ತ ಬಿತ್ತಿದವರ ಹೆಸರು ಬರದಾನೇನ್ರಿ ಸರ್?" ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅವನು ಸುಮ್ಮನೆ ಹಾಳೆ ಎಳೆದುಕೊಂಡು "ಮೈ ಗ್ರ್ಯಾಂಡ್‌ಫಾದರ್ ಹ್ಯಾಸ್ ಎ ಕೂರಿಗಿ ವಿತ್ ತ್ರೀ..." ಅಂತ ಶುರು ಮಾಡಿದ. ತಾಳಿಗೆ ಪದ ಕೇಳಿದ. "ಟೀತ್ ಅನ್ನು, ನಡೀತದ" ಅಂದೆವು.

ತಿಕೋಟಾದ ಹುಡುಗಿಯೊಬ್ಬಳು ಐದು ವಾರ ಬಾಯಿ ಬಿಟ್ಟಿರಲಿಲ್ಲ. ಆರನೇ ವಾರ, ತರಲಾಗದಷ್ಟು ದೊಡ್ಡ ವಸ್ತು ಆದರೆ ನಡೀತದೇನ್ರಿ ಅಂತ ಕೇಳಿ, ಅವರ ಹೊಲದ ಒಣದ್ರಾಕ್ಷಿ ಶೆಡ್ ಬಗ್ಗೆ ಹೇಳಿದಳು. ಮೊದಲು ಕನ್ನಡದಲ್ಲಿ: ಹಣ್ಣನ್ನು ಔಷಧಿ ನೀರಿನಾಗ ಅದ್ದೋದು, ಒಂದರ ಮ್ಯಾಲೊಂದು ಬಲಿ ಕಟ್ಟಿ ಹರವೋದು, ಬಿಸಿಲು ಬೀಳದಂಗ ಗಾಳಿ ಆಡೋವಂಗ ಎರಡು ವಾರ ಬಿಡೋದು. ಆಮೇಲೆ ಬೋರ್ಡ್ ನೋಡುತ್ತಾ ಇಂಗ್ಲಿಷಿನಲ್ಲಿ: "ಇಟ್ ಈಸ್ ಎ ಲಾಂಗ್ ಶೆಡ್ ವಿತ್ ನೋ ವಾಲ್ಸ್. ಇಟ್ ಹ್ಯಾಸ್ ಮೆನಿ ನೆಟ್ಸ್, ಒನ್ ಆನ್ ಒನ್. ವಿ ಯೂಸ್ ಇಟ್ ಫಾರ್ ಡ್ರೈಯಿಂಗ್ ಗ್ರೇಪ್ಸ್. ವಿಂಡ್ ಕಮ್ಸ್, ಸನ್ ಡಸ್ ನಾಟ್ ಕಮ್." ವ್ಯಾಕರಣ ಪೂರ್ತಿ ಸರಿ ಇಲ್ಲ. "ಒನ್ ಅಬೋವ್ ಅನದರ್" ಅಂತ ಒಂದನ್ನು ಮಾತ್ರ ತಿದ್ದಿ, ಉಳಿದದ್ದನ್ನು ಬಿಟ್ಟೆವು. ನಮ್ಮಲ್ಲಿ ಮೂವರು ಬೆಂಗಳೂರಿನವರು, ಆ ಶೆಡ್ಡನ್ನು ಎಂದೂ ನೋಡಿದವರಲ್ಲ. ಆ ನಾಲ್ಕು ವಾಕ್ಯದಿಂದ ಅದು ಅವರ ಕಣ್ಣಿಗೆ ಕಟ್ಟಿತು. ಗೋಡೆ ಯಾಕಿಲ್ಲ ಅಂತಲೂ ತಿಳಿಯಿತು.

ಮುಂದಿನ ಶನಿವಾರ ಬರುವವರು ಮನೆಯಿಂದ ಅಥವಾ ರೂಮಿನಿಂದ ಒಂದು ವಸ್ತು ತನ್ನಿ, ಮೊಬೈಲ್ ಬಿಟ್ಟು. ಅದರ ಬಗ್ಗೆ ಮೊದಲು ಕನ್ನಡದಲ್ಲಿ ಐದು ವಾಕ್ಯ ಹೇಳಲು ಆಗುತ್ತದೋ ಬಸ್‌ನಲ್ಲೇ ಪರೀಕ್ಷೆ ಮಾಡಿಕೊಳ್ಳಿ. ಮತ್ತೆ, ಬಬಲೇಶ್ವರದ ಒಂದು ಖುರಪಿ ಇನ್ನೂ ಸಂಘದ ಕಪಾಟಿನಲ್ಲೇ ಉಳಿದಿದೆ. ಕಳೆ ತೆಗೆಯುವ ದಿನ ಶುರುವಾಗುವುದರೊಳಗೆ ಆ ಮನೆಗೆ ತಲುಪಿಸಬೇಕು, ಆ ಕಡೆ ಹೋಗುವವರು ಯಾರಾದರೂ ಇದ್ದರೆ ತಿಳಿಸಿ.