ಮಕ್ಕಳ ಮೈಗೂದಲನ್ನು ಶಾಶ್ವತವಾಗಿ ತೆಗೆಯಬಹುದೆ?

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯು ಅರಿಸಿನದ ಬೆಳೆಗೆ ಹೆಸರಾದುದು. ಅರಿಸಿನವನ್ನೂ ಕಡಲೆಹಿಟ್ಟನ್ನೂ ಕಲಸಿ ಎಳೆಯ ಮಕ್ಕಳ ಮೈಗೆ ಉಜ್ಜಿದರೆ ಕೂದಲು ಉದುರಿಹೋಗುವುದೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಹಳೆಯದು. ಉಜ್ಜುವಾಗ ಕೆಲವು ನವಿರುಗೂದಲುಗಳು ಕಿತ್ತುಬರುವುದು ನಿಜ. ಆದರೆ ಅವು ಮರಳಿ ಹುಟ್ಟುತ್ತವೆ. ಕೂದಲು ಬೆಳೆಯುವುದು ಚರ್ಮದೊಳಗೆ ಹುದುಗಿರುವ ರೋಮಕೂಪದ ತಳದಲ್ಲಿ. ಕೂಪವು ಉಳಿದಿರುವವರೆಗೆ ಕೂದಲೂ ಉಳಿಯುವುದು. ಆದುದರಿಂದ ಪ್ರಶ್ನೆಯು ಭೌತವಿಜ್ಞಾನದ್ದು: ಸುತ್ತಲಿನ ಚರ್ಮಕ್ಕೆ ಹಾನಿಯಾಗದಂತೆ ಕೂಪಕ್ಕೆ ಮಾತ್ರ ಶಕ್ತಿಯನ್ನು ಮುಟ್ಟಿಸುವುದು ಹೇಗೆ?

ಮೊದಲನೆಯ ಉತ್ತರ ವಿದ್ಯುತ್ತಿನದು. ಕಣ್ಣಿನತ್ತ ತಿರುಗಿ ಬೆಳೆದ ರೆಪ್ಪೆಗೂದಲನ್ನು ನಾಶಮಾಡಲು ಅಮೆರಿಕದ ನೇತ್ರವೈದ್ಯ ಚಾರ್ಲ್ಸ್ ಮೈಕೆಲ್ 1875ರಲ್ಲಿ ಈ ವಿಧಾನವನ್ನು ಪ್ರಕಟಿಸಿದನು. ಕೂಪದೊಳಕ್ಕೆ ಸೂಕ್ಷ್ಮವಾದ ಸೂಜಿಯನ್ನು ಇಳಿಸಿ ಅದನ್ನು ಋಣಧ್ರುವಕ್ಕೆ ಸೇರಿಸುವರು. ಅಲ್ಲಿನ ಉಪ್ಪುನೀರು ವಿಭಜನೆ ಹೊಂದಿ ದಾಹಕ ಸೋಡಾ ಉತ್ಪನ್ನವಾಗಿ ಕೂಪವನ್ನು ಸುಡುವುದು. ಪ್ರಯೋಗಶಾಲೆಯಲ್ಲಿ ನೀವು ಕಂಡ ವಿದ್ಯುದ್ವಿಭಜನೆಯೇ ಇದು. ಫಲವು ಶಾಶ್ವತ, ಆದರೆ ಒಂದೊಂದು ಕೂದಲಿಗೂ ಸೂಜಿಯಿಳಿಸಬೇಕು. ಚಿಕ್ಕ ಮಕ್ಕಳು ಆ ನೋವನ್ನು ಸಹಿಸಲಾರರು.

ಎರಡನೆಯದು ಎಚ್ಚರಿಕೆಯ ಕಥೆ. ರಾಂಟ್‌ಗೆನ್ನನು ಕ್ಷ-ಕಿರಣಗಳನ್ನು ಕಂಡುಹಿಡಿದ ಮರುವರ್ಷವೇ, ಎಂದರೆ 1896ರಲ್ಲಿ, ವಿಯೆನ್ನಾದ ವೈದ್ಯ ಲಿಯೊಪೋಲ್ಡ್ ಫ್ರಾಯಿಂಡನು ಬೆನ್ನಮೇಲೆ ಕೂದಲು ತುಂಬಿದ ಮಚ್ಚೆಯಿದ್ದ ಪುಟ್ಟ ಬಾಲಕಿಗೆ ಅವನ್ನು ಪ್ರಯೋಗಿಸಿದನು. ಕೂದಲು ಉದುರಿತು, ಬೆನ್ನಿನಲ್ಲಿ ಹುಣ್ಣೂ ಎದ್ದಿತು. 1920ರ ದಶಕದಲ್ಲಿ ಅಮೆರಿಕದ ಸೌಂದರ್ಯಗೃಹಗಳಲ್ಲಿ ಈ ಚಿಕಿತ್ಸೆಯನ್ನು ಪಡೆದ ಅನೇಕ ಸ್ತ್ರೀಯರಿಗೆ ವರ್ಷಗಳ ತರುವಾಯ ಚರ್ಮದ ಕ್ಯಾನ್ಸರ್ ತಗುಲಿತು. ಕ್ಷ-ಕಿರಣಕ್ಕೆ ಕೂದಲು, ಮಾಂಸ ಎಂಬ ಭೇದವಿಲ್ಲ.

ಭೇದವೆಣಿಸಬಲ್ಲ ಸಾಧನವೆಂದರೆ ಲೇಸರ್. ಇದರ ತತ್ತ್ವವನ್ನು ಆಂಡರ್ಸನ್ ಮತ್ತು ಪ್ಯಾರಿಷ್ 1983ರಲ್ಲಿ ವಿವರಿಸಿದರು. ಕೂದಲಿನ ಕಪ್ಪು ವರ್ಣದ್ರವ್ಯವಾದ ಮೆಲನಿನ್ ಬೆಳಕನ್ನು ಹೀರಿ ಬಿಸಿಯಾಗುವುದು. ಬೆಳಕಿನ ಮಿಂಚು ಕೆಲವೇ ಮಿಲಿಸೆಕೆಂಡುಗಳದಾದರೆ, ಶಾಖವು ದೂರ ಹರಡುವ ಮೊದಲೇ ಕೂಪವು ಬೇಯುವುದು. ಆದರೆ ನಮ್ಮ ಚರ್ಮದಲ್ಲಿಯೂ ಮೆಲನಿನ್ ಉಂಟಷ್ಟೆ! 755 ನ್ಯಾನೊಮೀಟರಿನ ಬೆಳಕನ್ನು ಅದು ಹೆಚ್ಚಾಗಿ ಹೀರುವುದರಿಂದ ಕಂದುಚರ್ಮವು ಸುಡುವ ಭಯವಿದೆ. 1064 ನ್ಯಾನೊಮೀಟರಿನ ಬೆಳಕು ನಮ್ಮವರಿಗೆ ಹೆಚ್ಚು ಕ್ಷೇಮಕರ. ಮಕ್ಕಳ ನವಿರುಗೂದಲಲ್ಲಿ ಮೆಲನಿನ್ ಅತ್ಯಲ್ಪ. ಅದರ ಮೇಲೆ ಲೇಸರಿನ ಆಟ ಹೆಚ್ಚು ಸಾಗದು.

ಇನ್ನೊಂದು ತೊಡಕೂ ಇದೆ. ರೋಮಕೂಪಗಳು ನಾವು ಹುಟ್ಟುವ ಮೊದಲೇ ರೂಪುಗೊಂಡಿರುತ್ತವೆ. ಪ್ರಾಯ ಬಂದಾಗ ಹಾರ್ಮೋನುಗಳು ಅನೇಕ ನವಿರುಗೂದಲುಗಳನ್ನು ಒರಟುಗೂದಲುಗಳನ್ನಾಗಿ ಮಾರ್ಪಡಿಸುವುವು. ಹತ್ತನೆಯ ವಯಸ್ಸಿನಲ್ಲಿ ಲೇಸರ್ ಮಾಡಿಸಿದರೂ ಹದಿನಾಲ್ಕರಲ್ಲಿ ಹೊಸ ಕೂದಲು ಕಾಣಿಸಿಕೊಳ್ಳಬಹುದು. ಮಗುವಿನ ಸಂಕಟವು ತೀವ್ರವಾಗಿದ್ದರೆ ಮಾತ್ರ ಚರ್ಮವೈದ್ಯರು ಲೇಸರನ್ನು ಆಲೋಚಿಸುವರು. ಉಳಿದವರಿಗೆ ಕತ್ತರಿಸುವುದೋ ಬೋಳಿಸುವುದೋ ಸಾಕು. ಬೋಳಿಸಿದರೆ ಕೂದಲು ದಪ್ಪವಾಗುವುದಿಲ್ಲ. ಕತ್ತರಿಸಿದ ತುದಿ ಮೊಂಡಾಗಿ ಹಾಗೆ ತೋರುವುದು, ಅಷ್ಟೆ.

ಕೂದಲು ಹಠಾತ್ತಾಗಿ ಹೆಚ್ಚಿದರೆ, ಅಥವಾ ಹುಡುಗಿಗೆ ಎಂಟು, ಹುಡುಗನಿಗೆ ಒಂಬತ್ತು ವರ್ಷ ತುಂಬುವ ಮೊದಲೇ ಕಂಕುಳು, ಗುಹ್ಯಭಾಗಗಳಲ್ಲಿ ಕೂದಲು ಮೂಡಿದರೆ ಮೊದಲು ಕಾರಣವನ್ನು ಶೋಧಿಸಬೇಕು. ಹಾರ್ಮೋನಿನ ದೋಷವೋ, ಸೇವಿಸುತ್ತಿರುವ ಔಷಧವೋ ಮೂಲವಾಗಿರಬಹುದು. ಗುಂಡ್ಲುಪೇಟೆಯವರಿಗೆ ಚಾಮರಾಜನಗರದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಬಹುದೂರವೇನಲ್ಲ.

ಬಹುಮಂದಿ ಮಕ್ಕಳಲ್ಲಿಯಾದರೋ ಮೈಗೂದಲು ರೋಗವಲ್ಲ, ವಂಶದ ಬಳುವಳಿ. ಸಹಪಾಠಿಯ ಕೂದಲನ್ನು ಕಂಡು ನಗುವವನ ಚರ್ಮದಲ್ಲಿಯೂ ಹೆಚ್ಚುಕಡಮೆ ಅಷ್ಟೇ ಕೂಪಗಳಿವೆ.